ರೈಫಲ್ಲಿನ ಸ್ಪ್ರಿಂಗು

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ತಮ್ಮ ಕೊರತೆಯನ್ನು ಸಲಕರಣೆಯ ತಲೆಗೆ ಕಟ್ಟುವವರನ್ನು ಈ ಗಾದೆ ಚೆನ್ನಾಗಿ ಹಾಸ್ಯಮಾಡುತ್ತದೆ. ಆದರೆ ಒಮ್ಮೊಮ್ಮೆ ನೆಲವು ನಿಜವಾಗಿಯೂ ಡೊಂಕಾಗಿರುವುದುಂಟು. ಆಗ ಕುಣಿಯುವವಳ ಕಾಲನ್ನೇ ದೂರುತ್ತ ಕುಳಿತರೆ ಅದೂ ಅನ್ಯಾಯವೇ ಸರಿ. ಡೊಂಕು ನೆಲದ್ದೋ ಕಾಲಿನದೋ ಎಂಬುದನ್ನು ಮಾತಿನಿಂದಲ್ಲ, ಅಳತೆಯಿಂದ ನಿರ್ಣಯಿಸಬೇಕು. ಈ ಸಂಗತಿ ನಮಗೆ ಮನದಟ್ಟಾದುದು ಶಾಲೆಯ ಏರ್ ರೈಫಲ್ಲಿನ ಸ್ಪ್ರಿಂಗನ್ನು ಬದಲಿಸಬೇಕಾಗಿ ಬಂದಾಗ.

ಈ ಆಟವನ್ನು ನೋಡದ ವಿದ್ಯಾರ್ಥಿಗಳಿಗಾಗಿ ಒಂದೆರಡು ಮಾತು ಹೇಳುವುದು ಅವಶ್ಯ. 10 ಮೀಟರ್ ದೂರದಲ್ಲಿ ಒಂದು ಕಾಗದದ ಗುರಿಪಟವಿರುತ್ತದೆ. ಹತ್ತು ಅಂಕಗಳನ್ನು ಕೊಡುವ ನಡುವಿನ ಚುಕ್ಕೆಯ ವ್ಯಾಸ ಕೇವಲ 0.5 ಮಿಲಿಮೀಟರ್. ಅಲ್ಲಿಂದ ಹೊರಕ್ಕೆ 2.5 ಮಿಲಿಮೀಟರಿಗೊಂದು ವೃತ್ತ. ಒಂದೊಂದು ವೃತ್ತಕ್ಕೂ ಒಂದೊಂದು ಅಂಕ ಕಡಿಮೆ. ಹಾರಿ ಹೋಗುವ ಸೀಸದ ಗುಂಡಿನ ವ್ಯಾಸ 4.5 ಮಿಲಿಮೀಟರ್, ತೂಕ ಸುಮಾರು ಅರ್ಧ ಗ್ರಾಂ. ಈ ಸ್ಪರ್ಧೆ 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಒಲಿಂಪಿಕ್ಸಿಗೆ ಸೇರಿತು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಇದೇ ಸ್ಪರ್ಧೆಯನ್ನು ಗೆದ್ದು, ಒಲಿಂಪಿಕ್ಸಿನಲ್ಲಿ ವೈಯಕ್ತಿಕ ಚಿನ್ನದ ಪದಕ ಪಡೆದ ಮೊದಲ ಭಾರತೀಯರಾದರು.

ಇಂದಿನ ದೊಡ್ಡ ಸ್ಪರ್ಧೆಗಳ ರೈಫಲ್ಲುಗಳಲ್ಲಿ ಒತ್ತಿ ತುಂಬಿದ ಗಾಳಿಯ ಸಿಲಿಂಡರು ಇರುತ್ತದೆ. ಅವುಗಳ ಬೆಲೆ ನಮ್ಮಂಥ ಶಾಲೆಗೆ ನಿಲುಕುವಂಥದಲ್ಲ. ನಮ್ಮಲ್ಲಿರುವುದು ಹಳೆಯ ಸ್ಪ್ರಿಂಗ್ ರೈಫಲ್ಲು. ನಳಿಗೆಯನ್ನು ಕೆಳಕ್ಕೆ ಬಾಗಿಸಿದಾಗ ಒಳಗಿನ ಉಕ್ಕಿನ ಸ್ಪ್ರಿಂಗು ಅದುಮಿಕೊಳ್ಳುತ್ತದೆ. ಟ್ರಿಗರ್ ಎಳೆದೊಡನೆ ಅದು ಬಿಚ್ಚಿಕೊಂಡು ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ. ಪಿಸ್ಟನ್ನು ಗಾಳಿಯನ್ನು ಒತ್ತುತ್ತದೆ. ಆ ಗಾಳಿ ಗುಂಡನ್ನು ಹೊರಕ್ಕೆ ತಳ್ಳುತ್ತದೆ. ಕಣ್ಣು ಕೈಗಳ ಹೊಗಳಿಕೆ ಎಲ್ಲೆಡೆ ಕೇಳಿಬರುತ್ತದೆ. ಕತ್ತಲೆಯಲ್ಲಿ ಕುಳಿತು ದುಡಿಯುವ ಈ ಸ್ಪ್ರಿಂಗನ್ನು ಯಾರೂ ನೆನೆಯುವುದಿಲ್ಲ.

ನಮ್ಮ ತಂಡದಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಅಂತರಶಾಲಾ ಸ್ಪರ್ಧೆಗೆ ಎರಡು ತಿಂಗಳಿರುವಾಗ ಅವಳ ಗುಂಡುಗಳು ಚೆದರತೊಡಗಿದವು. ಒಂದು ಮೇಲಕ್ಕೆ ಬಿದ್ದರೆ ಇನ್ನೊಂದು ಕೆಳಕ್ಕೆ. ಒಂದು ಸಂಜೆ ಅವಳು ತಲೆ ತಗ್ಗಿಸಿಕೊಂಡು, “ಸರ್, ನನ್ನ ಕೈಯೇ ಸರಿಯಿಲ್ಲವೆಂದು ತೋರುತ್ತದೆ. ನನ್ನ ಬದಲು ಬೇರೆ ಯಾರನ್ನಾದರೂ ತಂಡಕ್ಕೆ ಸೇರಿಸಿಕೊಳ್ಳಿ” ಎಂದಳು. ಹದಿನಾಲ್ಕರ ವಯಸ್ಸಿನಲ್ಲಿ ಮನಸ್ಸಿಗೆ ಹೊಕ್ಕ ಇಂಥ ಸಂದೇಹ ಬೇಗ ಹೊರಬೀಳುವುದಿಲ್ಲ. ನಾವು ಸಮಾಧಾನದ ಮಾತನ್ನಾಡುವ ಬದಲು ಪರೀಕ್ಷೆಗೆ ತೊಡಗಿದೆವು. ಮರಳಿನ ಚೀಲದ ಮೇಲೆ ಕೈ, ಕೈಯ ಮೇಲೆ ರೈಫಲ್ಲು — ಹೀಗೆ ಇರಿಸಿ, ಮೂವರಿಂದ ಹತ್ತು ಹತ್ತು ಗುಂಡುಗಳನ್ನು ಹಾರಿಸಿದೆವು. ಮೂವರ ಗುರಿಪಟಗಳಲ್ಲಿಯೂ ಒಂದೇ ಕಥೆ: ಗುಂಡುಗಳು ಎಡಬಲಕ್ಕೆ ಹೆಚ್ಚು ಸರಿದಿರಲಿಲ್ಲ, ಮೇಲೆ ಕೆಳಗೆ ಚೆದರಿದ್ದವು. ದೋಷ ಹುಡುಗಿಯ ಕೈಯದಲ್ಲ, ರೈಫಲ್ಲಿನದೆಂದು ಸ್ಪಷ್ಟವಾಯಿತು.

ಮೇಲೆ ಕೆಳಗೇ ಏಕೆ ಚೆದರಬೇಕು? ಹತ್ತನೆಯ ತರಗತಿಯವರು ಲೆಕ್ಕ ಹಾಕಿ ನೋಡಬಹುದು. ಗುಂಡಿನ ವೇಗ ಸೆಕೆಂಡಿಗೆ 170 ಮೀಟರ್ ಇದ್ದರೆ, ಗಾಳಿಯ ತಡೆಯನ್ನು ಬಿಟ್ಟು ಎಣಿಸಿದಾಗ, 10 ಮೀಟರ್ ಕ್ರಮಿಸುವಷ್ಟರಲ್ಲಿ ಭೂಮಿಯ ಸೆಳೆತದಿಂದ ಅದು ಸುಮಾರು 17 ಮಿಲಿಮೀಟರ್ ಕೆಳಗಿಳಿಯುತ್ತದೆ. ವೇಗ 160ಕ್ಕೆ ತಗ್ಗಿದರೆ 19 ಮಿಲಿಮೀಟರಿಗೂ ತುಸು ಹೆಚ್ಚು ಇಳಿಯುತ್ತದೆ. ವ್ಯತ್ಯಾಸ ಎರಡು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಎಂದರೆ ಹತ್ತಿರ ಹತ್ತಿರ ಒಂದು ಅಂಕ. ಎಲ್ಲ ಗುಂಡುಗಳೂ ಒಂದೇ ಪ್ರಮಾಣದಲ್ಲಿ ಇಳಿದರೆ ಚಿಂತೆಯಿಲ್ಲ, ಗುರಿಕಣ್ಣನ್ನು ಸರಿಪಡಿಸಿಕೊಳ್ಳಬಹುದು. ಒಂದೊಂದು ಸಲ ಒಂದೊಂದು ವೇಗವಾದರೆ ಯಾವ ಗುರಿಕಾರನೂ ಏನೂ ಮಾಡಲಾರ.

ಅನುಭವಿ ಮಿಸ್ತ್ರಿಯೊಬ್ಬರು ರೈಫಲ್ಲನ್ನು ಬಿಚ್ಚಿ ನೋಡಿದರು. ಸ್ಪ್ರಿಂಗು ಕುಗ್ಗಿ, ನಡುವೆ ಬಾಗಿತ್ತು. ಪಿಸ್ಟನ್ನಿನ ತುದಿಯ ಸೀಲು ಸವೆದಿತ್ತು. ಆ ಹಳೆಯ ಮಾದರಿಯ ಮೂಲ ಬಿಡಿಭಾಗಗಳು ಈಗ ದೊರೆಯುವುದಿಲ್ಲ. ಬೇರೆಯವರು ಮಾಡಿದ ಭಾಗಗಳನ್ನೇ ಆರಿಸಿಕೊಳ್ಳಬೇಕು. ನಮ್ಮ ಬಳಿಯಿದ್ದುದು ಮಕ್ಕಳು ಮನೆಮನೆಯಿಂದ ರದ್ದಿ ಕಾಗದ ತಂದು ಮಾರಿ ಕೂಡಿಸಿದ ಹಣ. ಅದರಿಂದ ಎರಡು ಸಲ ಕೊಳ್ಳುವಂತಿರಲಿಲ್ಲ.

ಯಂತ್ರೋಪಕರಣಗಳ ವ್ಯಾಪಾರಕ್ಕೆ ಹೆಸರಾದ ಮುಂಬಯಿಯ ನಾಗದೇವಿ ಬೀದಿಗೆ ಹಳೆಯ ಸ್ಪ್ರಿಂಗನ್ನೂ ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರನ್ನೂ ಕೈಚೀಲದಲ್ಲಿಟ್ಟುಕೊಂಡು ಹೋದೆವು. ಅಂಗಡಿಯವರು ಒಂದು ದಪ್ಪ ಸ್ಪ್ರಿಂಗನ್ನು ಮುಂದಿಟ್ಟು, “ಮಾಸ್ತರರೇ, ಇದನ್ನು ಒಯ್ಯಿರಿ. ಮೊದಲಿಗಿಂತ ಬಲು ಜೋರು, ಬೆಲೆಯೂ ಹೆಚ್ಚಲ್ಲ” ಎಂದರು. ಜೋರಿನ ಆಸೆ ಯಾರಿಗಿಲ್ಲ? ಆದರೂ ಅಳೆದೆವು. ಹಳೆಯದರ ತಂತಿಯ ದಪ್ಪ 3 ಮಿಲಿಮೀಟರ್, ಹೊಸದರದು 3.2, ಸುರುಳಿಯ ಅಗಲ ಹೆಚ್ಚುಕಡಿಮೆ ಒಂದೇ, ಸುತ್ತುಗಳು ಎರಡರಲ್ಲಿಯೂ 32. ವ್ಯತ್ಯಾಸ ಕೂದಲೆಳೆಯಷ್ಟೆಂದು ಕಣ್ಣಿಗೆ ತೋರುತ್ತದೆ. ಆದರೆ ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೆಯ ಘಾತವನ್ನು ಅನುಸರಿಸಿ ಏರುತ್ತದೆ. 3.2ನ್ನು 3ರಿಂದ ಭಾಗಿಸಿ, ಬಂದ ಭಾಗಲಬ್ಧವನ್ನು ನಾಲ್ಕು ಸಲ ಗುಣಿಸಿರಿ: ಸುಮಾರು 1.29. ಎಂದರೆ ಬಿಗಿ ನೂರಕ್ಕೆ 29ರಷ್ಟು ಹೆಚ್ಚು! ಎಷ್ಟು ಒತ್ತುವೆವೋ ಅಷ್ಟು ಪ್ರತಿಬಲವೆಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ನಿಮ್ಮ ಪಾಠದಲ್ಲಿಯೇ ಇದೆ. ಆ ಹೆಚ್ಚಿನ ಪ್ರತಿಬಲವನ್ನು ಅಭ್ಯಾಸದಲ್ಲಿ ಅರವತ್ತು ಸಲ ಎದುರಿಸಬೇಕಾದುದು ಮಕ್ಕಳ ತೋಳು.

ಇನ್ನೊಂದು ಲೆಕ್ಕವೂ ಇತ್ತು. ಪೂರ್ತಿ ಅದುಮಿದಾಗ ಸುತ್ತುಗಳು ಒಂದರ ಮೇಲೊಂದು ಕೂಡುತ್ತವೆ. ಹಳೆಯದಕ್ಕೆ ಆಗ ಬೇಕಾದುದು 96 ಮಿಲಿಮೀಟರ್ ಜಾಗ; ಹೊಸದಕ್ಕೆ 102ಕ್ಕೂ ಹೆಚ್ಚು. ಮಿಸ್ತ್ರಿಯವರು ಅಳೆದು ಹೇಳಿದ್ದ ಒಳಜಾಗ 100. ಆ ಜೋರಿನ ಸ್ಪ್ರಿಂಗನ್ನು ತಂದಿದ್ದರೆ ರೈಫಲ್ಲಿನ ಕೊಂಡಿ ಬೀಳುತ್ತಲೇ ಇರಲಿಲ್ಲ. ನಾವು 3 ಮಿಲಿಮೀಟರಿನದನ್ನೇ ಕೇಳಿ ಪಡೆದೆವು. ಎರಡು ತುದಿಗಳೂ ಸಮತಟ್ಟಾಗಿ ಉಜ್ಜಿವೆಯೆ, ಗಾಜಿನ ಮೇಲೆ ಉರುಳಿಸಿದರೆ ನೆಟ್ಟಗೆ ಉರುಳುತ್ತದೆಯೆ, ಮೊದಲೇ ಪೂರ್ತಿ ಅದುಮಿ ಬಿಟ್ಟು ನೆಲೆಗೊಳಿಸಿದ್ದಾರೆಯೆ — ಈ ಮೂರನ್ನೂ ವಿಚಾರಿಸಿಕೊಂಡೆವು. ನೆಲೆಗೊಳಿಸದ ಸ್ಪ್ರಿಂಗು ಬಳಕೆಗೆ ಬಂದ ಮೇಲೆ ಕುಗ್ಗುತ್ತದೆ.

ಬಲ್ಲವರ ದಾರಿಯೂ ಇದೇ. ಜರ್ಮನಿಯ ಒಬರ್ನ್‌ಡೋರ್ಫ್ ಊರಿನ ಫೈನ್‌ವೆರ್ಕ್‌ಬೌ ಸಂಸ್ಥೆಯ 300 ಮಾದರಿ ತನ್ನ ಕಾಲದಲ್ಲಿ ಹೆಸರಾದ ಸ್ಪ್ರಿಂಗ್ ರೈಫಲ್ಲು. ಬಿಚ್ಚಿಕೊಳ್ಳುವ ಸ್ಪ್ರಿಂಗು ಉದ್ದವಾಗುವಾಗ ತುಸು ತಿರುಚಿಕೊಳ್ಳುವುದೂ ಉಂಟು. ಆದುದರಿಂದ ಅವರು ಎದುರುಬದುರು ದಿಕ್ಕಿಗೆ ಸುತ್ತಿದ ಎರಡು ಸ್ಪ್ರಿಂಗುಗಳನ್ನಿಟ್ಟು, ಒಂದರ ತಿರುಚನ್ನು ಇನ್ನೊಂದು ಅಳಿಸುವಂತೆ ಮಾಡಿದರು. ಒದೆತ ಭುಜಕ್ಕೆ ತಾಗದಂತೆ ಇಡೀ ಯಂತ್ರಭಾಗವು ಮರದ ಹಿಡಿಯ ಮೇಲೆ ಹಿಂದಕ್ಕೆ ಜಾರುವ ಏರ್ಪಾಟು ಮಾಡಿದರು. ಅವರ ಜಾಣ್ಮೆಯೆಲ್ಲ ವೆಚ್ಚವಾದುದು ಬಲವನ್ನು ಹೆಚ್ಚಿಸಲಿಕ್ಕಲ್ಲ, ಅಲುಗಾಟವನ್ನು ಕಳೆಯಲಿಕ್ಕೆ.

ಸ್ಪ್ರಿಂಗಿನೊಡನೆ ಪಿಸ್ಟನ್ನಿನ ಸೀಲನ್ನೂ ನಳಿಗೆಯ ಬುಡದ ರಬ್ಬರ್ ಉಂಗುರವನ್ನೂ ಬದಲಿಸಿದೆವು. ಗಾಳಿ ಸೋರುವ ರೈಫಲ್ಲಿಗೆ ಹೊಸ ಸ್ಪ್ರಿಂಗು ಹಾಕುವುದು ತೂತು ಕೊಡಕ್ಕೆ ಹೊಸ ಹಗ್ಗ ಕಟ್ಟಿದಂತೆ. ಪಿಸ್ಟನ್ನಿನ ಮುಂದೆ ಎಣ್ಣೆ ಬೀಳಬಾರದು. ಒತ್ತಿದ ಗಾಳಿಯ ಕಾವಿಗೆ ಅದು ಡೀಸೆಲ್ ಎಂಜಿನ್ನಿನಲ್ಲಿ ಹೊತ್ತಿಕೊಳ್ಳುವಂತೆ ಹೊತ್ತಿಕೊಂಡು, ಸೀಲನ್ನು ಕೆಡಿಸಿ ವೇಗವನ್ನೂ ಏರುಪೇರು ಮಾಡುತ್ತದೆ. ಗುಂಡಿಲ್ಲದೆ ರೈಫಲ್ಲು ಹಾರಿಸುವುದೂ ತಪ್ಪು. ಎದುರೊತ್ತಡ ಸಾಲದೆ ಪಿಸ್ಟನ್ನು ಸಿಲಿಂಡರಿನ ಕೊನೆಗೆ ಬಡಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಮಾತು: ಮನೆಯಲ್ಲಿ ಇಂಥ ರೈಫಲ್ಲಿದ್ದರೆ ವಿದ್ಯಾರ್ಥಿಗಳು ಅದನ್ನು ಬಿಚ್ಚಕೂಡದು. ಒಳಗಿನ ಸ್ಪ್ರಿಂಗು ಯಾವಾಗಲೂ ಒತ್ತಡದಲ್ಲಿಯೇ ಇರುತ್ತದೆ. ತಿರುಪು ಸಡಿಲಿದರೆ ಮುಖಕ್ಕೆ ಚಿಮ್ಮಬಲ್ಲುದು. ಅದಕ್ಕೆ ತಕ್ಕ ಹಿಡಿತದ ಚೌಕಟ್ಟು ಮಿಸ್ತ್ರಿಯವರ ಬಳಿ ಇರುತ್ತದೆ.

ರೈಫಲ್ಲು ಹಿಂತಿರುಗಿದ ಮೇಲೆ ಅದೇ ಚೀಲ, ಅದೇ ಮೂವರು. ಗುಂಡುಗಳೆಲ್ಲ ತುಸು ಎತ್ತರದಲ್ಲಿ, ಆದರೆ ಒಂದೆಡೆ ಬಿದ್ದವು. ಗುರಿಕಣ್ಣನ್ನು ಹೊಂದಿಸಿದೊಡನೆ ಅವು ನಡುವಿಗೆ ಬಂದವು. ಆ ವಿದ್ಯಾರ್ಥಿನಿ ತಂಡದಲ್ಲಿ ಉಳಿದಳು. ಸ್ಪರ್ಧೆಯಲ್ಲಿ ಅವಳಿಗೆ ಬಹುಮಾನ ಬರಲಿಲ್ಲ. ಈಗಲೂ ಅವಳ ಗುಂಡು ಒಮ್ಮೊಮ್ಮೆ ಎಡಕ್ಕೋ ಬಲಕ್ಕೋ ಸರಿಯುವುದುಂಟು. ಆ ತಪ್ಪು ಅವಳದೇ, ಆದುದರಿಂದಲೇ ಅದನ್ನು ಅವಳು ತಿದ್ದಿಕೊಳ್ಳಬಲ್ಲಳು.

ಪ್ರಿಯ ವಿದ್ಯಾರ್ಥಿಗಳೇ, ಓದಿನಲ್ಲಾಗಲಿ ಆಟದಲ್ಲಾಗಲಿ ಫಲ ಕೈಗೂಡದಾಗ ಸಲಕರಣೆಯನ್ನು ಬೈಯಲೂ ಬೇಡಿರಿ, ನಿಮ್ಮನ್ನು ನೀವೇ ಹಳಿದುಕೊಳ್ಳಲೂ ಬೇಡಿರಿ. ಮೊದಲು ಅಳೆದು ನೋಡಿರಿ. ಆರಿಸಿಕೊಳ್ಳುವ ಸಂದರ್ಭ ಬಂದಾಗ, ಜೋರಾದುದಕ್ಕಿಂತ ಪ್ರತಿಸಲವೂ ಒಂದೇ ರೀತಿಯಾಗಿ ನಡೆಯುವುದನ್ನು ಆರಿಸಿಕೊಳ್ಳಿರಿ.