ವಾರ ನೋಡಿ ಊರು ನೋಡಿ

ಇಟಲಿಗೆ ಹೊರಡುವ ಮುನ್ನ ಅಮ್ಮ ಪಂಚಾಂಗ ತೆಗೆದು ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ನೋಡಿಯೇ ನಮ್ಮನ್ನು ಕಳುಹಿಸಿದರು. ನಾನು ವಿಮಾನದ ದರ ನೋಡಿದೆ, ರೈಲಿನ ವೇಳೆ ನೋಡಿದೆ, ಹೋಟೆಲಿನ ಬಾಡಿಗೆ ನೋಡಿದೆ. ನೋಡದೆ ಬಿಟ್ಟದ್ದು ಒಂದೇ: ಫ್ಲಾರೆನ್ಸಿನಲ್ಲಿ ನಾವಿರುವ ದಿನ ಯಾವ ವಾರ ಎಂಬುದನ್ನು.

ಪಿಯುಸಿ ಮುಗಿಸಿದ ಮಗಳು, ಎಂಜಿನಿಯರಿಂಗ್ ಬೇಡ, ಶಿಲ್ಪಕಲೆ ಓದುತ್ತೇನೆ ಎಂದು ಹಟ ಹಿಡಿದಿದ್ದಳು. ಕೆಲವು ತಿಂಗಳು ಮನೆಯಲ್ಲಿ ಮಾತೇ ಕಡಿಮೆಯಾಗಿತ್ತು. ಕೊನೆಗೆ ಒಪ್ಪಿಕೊಂಡೆ. ಕಚೇರಿಯ ಕೆಲಸಕ್ಕೆ ರೋಮಿಗೆ ಹೋಗುವ ಅವಕಾಶ ಬಂದಾಗ ಅವಳನ್ನೂ ಕರೆದುಕೊಂಡೆ. 'ಡೇವಿಡ್ ಶಿಲ್ಪ ತೋರಿಸಿದರೆ ಸಾಕಪ್ಪ, ಬೇರೇನೂ ಬೇಡ' ಎಂದಿದ್ದಳು. ಭಾನುವಾರ ಸಂಜೆ ಫ್ಲಾರೆನ್ಸ್ ಸೇರುವುದು, ಸೋಮವಾರ ಇಡೀ ದಿನ ನೋಡುವುದು, ಮಂಗಳವಾರ ಬೆಳಗಿನ ರೈಲಿಗೆ ರೋಮಿಗೆ ಮರಳಿ ವಿಮಾನ ಹತ್ತುವುದು. ಲೆಕ್ಕ ಸರಿಯಾಗಿತ್ತು.

ಸೋಮವಾರ ಬೆಳಿಗ್ಗೆ ಅಕಾಡೆಮಿಯಾ ಗ್ಯಾಲರಿಯ ಮುಂದೆ ನಿಂತಾಗ ಬಾಗಿಲು ಮುಚ್ಚಿತ್ತು. ಇಟಲಿಯ ಭಾಷೆಯಲ್ಲಿ ಸೋಮವಾರಕ್ಕೆ 'ಲುನೆದಿ' ಎನ್ನುತ್ತಾರೆ. ಲೂನಾ ಎಂದರೆ ಚಂದ್ರ, ನಮ್ಮ ಸೋಮನೇ. ಆ ಸೋಮನ ದಿನ ಡೇವಿಡ್‌ಗೆ ರಜೆ. ಉಫೀಜಿ ಗ್ಯಾಲರಿಗೂ ರಜೆ, ಪಿಟ್ಟಿ ಅರಮನೆಗೂ ರಜೆ. ತಾಜಮಹಲಿಗೂ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೂ ಶುಕ್ರವಾರ ರಜೆ ಎಂದು ಬಲ್ಲವನು ನಾನು. ಮೈಸೂರು ಅರಮನೆಯ ದೀಪಾಲಂಕಾರ ನೋಡಲು ಭಾನುವಾರವನ್ನೇ ಹುಡುಕಿ ಹೊರಡುವವನು. ಆ ಬುದ್ಧಿ ಸಮುದ್ರ ದಾಟುವಾಗ ಎಲ್ಲಿ ಹೋಗಿತ್ತೋ!

ಪಿಯಾಜಾ ದೆಲ್ಲಾ ಸಿಗ್ನೋರಿಯಾ ಎಂಬ ಚೌಕಕ್ಕೆ ಬಂದೆವು. ಚೌಕಕ್ಕೆ ಬಾಗಿಲಿಲ್ಲ, ರಜೆಯೂ ಇಲ್ಲ. ಅಲ್ಲಿ ಡೇವಿಡ್‌ನ ನಕಲು ನಿಂತಿದೆ, 1910ರಲ್ಲಿ ಇಟ್ಟದ್ದು. ಮೈಕೆಲೆಂಜೆಲೊ 1501ರಲ್ಲಿ ಕೆತ್ತಲು ಹಿಡಿದು 1504ರಲ್ಲಿ ಮುಗಿಸಿದ ಮೂಲ ಶಿಲ್ಪ, ಸುಮಾರು 17 ಅಡಿ ಎತ್ತರದ್ದು, 1873ರವರೆಗೆ ಇದೇ ಜಾಗದಲ್ಲಿ ಮಳೆ ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು. ಬೇರೆಯವರು ಅರ್ಧಕ್ಕೆ ಬಿಟ್ಟು ಹೋಗಿದ್ದ ಅಮೃತಶಿಲೆಯ ತುಂಡನ್ನು ಆತ ಕೈಗೆತ್ತಿಕೊಂಡಾಗ ಅವನಿಗೆ 26 ವರ್ಷ. ಮಗಳು ಕಲ್ಲಿನ ಮೆಟ್ಟಿಲ ಮೇಲೆ ಕೂತು ಪುಸ್ತಕ ತೆಗೆದು ನಕಲನ್ನೇ ಬರೆಯತೊಡಗಿದಳು. 'ಶಿಲ್ಪ ನಕಲಾದರೇನು, ಜಾಗ ಅಸಲಿಯೇ' ಎಂದಳು.

ಅವಳ ಮುಖದಲ್ಲಿ ಬೇಸರವಿತ್ತು, ಆಶ್ಚರ್ಯವಿರಲಿಲ್ಲ. ನನಗೆ ಅನುಮಾನ ಬಂದು ಕೇಳಿದೆ.

'ಸೋಮವಾರ ರಜೆ ಅಂತ ಗೊತ್ತಿತ್ತಪ್ಪ. ಆದರೆ ನೀವು ಟಿಕೆಟ್ ತೆಗೆದ ಮೇಲೆ ಹೇಳಿದಿರಿ. ಬದಲಾಯಿಸಿದರೆ ದುಡ್ಡು ಹೋಗುತ್ತೆ. ಮೊದಲೇ ನನ್ನ ಕೋರ್ಸಿನ ವಿಷಯದಲ್ಲಿ ಅಷ್ಟು ರಂಪ ಆಗಿದೆ, ಇದೊಂದು ಯಾಕೆ ಅಂತ ಸುಮ್ಮನಾದೆ.'

ನನಗೆ ಮಾತು ಹೊರಡಲಿಲ್ಲ. ಮುಚ್ಚಿದ ಬಾಗಿಲಿಗಿಂತ ಆ ಮಾತು ಹೆಚ್ಚು ಚುಚ್ಚಿತು. ಅವಳಿಗಾಗಿ ಮಾಡಿದ ಪ್ರವಾಸದಲ್ಲಿ ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಮಧ್ಯಾಹ್ನ ಆರ್ನೊ ನದಿಯ ದಂಡೆ ಹಿಡಿದು ಪಶ್ಚಿಮಕ್ಕಿರುವ ಕಾಶೀನೆ ಉದ್ಯಾನಕ್ಕೆ ಹೋದೆವು. ಈ ಬಾರಿ ಅವಳೇ ದಾರಿ ಹೇಳಿದಳು. ಉದ್ಯಾನದ ತುದಿಯಲ್ಲಿ ಕಲ್ಲಿನ ಛತ್ರಿಯ ಕೆಳಗೆ ಪೇಟ ತೊಟ್ಟ ತರುಣನ ಪ್ರತಿಮೆ! ನಮ್ಮ ಬೆಳಗಾವಿಯ ನೆರೆಯ ಕೊಲ್ಹಾಪುರದ ಮಹಾರಾಜ ರಾಜಾರಾಮ. ಇಂಗ್ಲೆಂಡ್ ಪ್ರವಾಸ ಮುಗಿಸಿ ಊರಿಗೆ ಮರಳುವ ದಾರಿಯಲ್ಲಿ, 1870ರಲ್ಲಿ, ಇಪ್ಪತ್ತರ ಆಸುಪಾಸಿನ ಈ ಹುಡುಗ ಫ್ಲಾರೆನ್ಸಿನಲ್ಲಿ ತೀರಿಕೊಂಡ. ಆರ್ನೊ ಮತ್ತು ಮುನ್ಯೋನೆ ನದಿಗಳ ಸಂಗಮದಲ್ಲಿ ಹಿಂದೂ ಸಂಪ್ರದಾಯದಂತೆ ಅವನ ದಹನವಾಯಿತು. 1874ರಲ್ಲಿ ಸ್ಮಾರಕ ಎದ್ದಿತು. ಹತ್ತಿರದ ಸೇತುವೆಗೂ 'ಇಂಡಿಯನ್ನನ ಸೇತುವೆ' ಎಂದೇ ಹೆಸರು. ಮಗಳು ಆ ಪ್ರತಿಮೆಯನ್ನೂ ಬರೆದುಕೊಂಡಳು. ಅವಳ ವಯಸ್ಸಿನ ಆಚೀಚೆಯ ಹುಡುಗ. ನಾನು ಪಕ್ಕದಲ್ಲಿ ಕೂತು, 'ತಪ್ಪು ನನ್ನದೇ ಕಣಮ್ಮ' ಎಂದೆ. ಅವಳು ತಲೆ ಎತ್ತದೆ ನಕ್ಕಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೂ ನಿಮ್ಮ ಮಕ್ಕಳೊಂದಿಗೆ ಹೋಗುವವರಿದ್ದರೆ ಇಷ್ಟು ನೆನಪಿಡಿ. ಡೇವಿಡ್ ಮತ್ತು ಉಫೀಜಿಗೆ ಮಂಗಳವಾರದಿಂದ ಶುಕ್ರವಾರದೊಳಗೆ ಒಂದು ದಿನ ಇಟ್ಟುಕೊಳ್ಳಿ, ಟಿಕೆಟ್ ಮುಂಚಿತವಾಗಿ ತೆಗೆಯಿರಿ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಮ್ಮುಗಳಿಗೆ ಪುಕ್ಕಟೆ ಪ್ರವೇಶ. ಸಾಲೂ ಅಷ್ಟೇ ಉದ್ದ. ಗೆಲಿಲಿಯೊನ ದೂರದರ್ಶಕಗಳಿರುವ ಮ್ಯೂಸಿಯಂ ಸೋಮವಾರವೂ ತೆರೆದಿರುತ್ತದೆ, ಮಂಗಳವಾರ ಮಾತ್ರ ಮಧ್ಯಾಹ್ನ ಒಂದಕ್ಕೇ ಮುಚ್ಚುತ್ತದೆ. ವಿಜ್ಞಾನ ಓದುವ ಮಕ್ಕಳಿಗೆ ಅದನ್ನು ತಪ್ಪಿಸಬೇಡಿ. ಗೆಲಿಲಿಯೊ, ಮೈಕೆಲೆಂಜೆಲೊ ಇಬ್ಬರ ಸಮಾಧಿಯೂ ಇರುವ ಸಾಂತಾ ಕ್ರೋಚೆ ಚರ್ಚಿಗೆ ಭಾನುವಾರವಾದರೆ ಮಧ್ಯಾಹ್ನದ ಮೇಲೆ ಹೋಗಿ, ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ. ರೋಮಿನಲ್ಲಿ ವ್ಯಾಟಿಕನ್ ಮ್ಯೂಸಿಯಮ್ಮಿಗೆ ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರ ರಜೆ. ಈ ವೇಳೆಗಳು ಬದಲಾಗುವುದೂ ಉಂಟು. ಹೊರಡುವ ಮುನ್ನ ಮತ್ತೊಮ್ಮೆ ವಿಚಾರಿಸಿಕೊಳ್ಳಿ.

ಊರಿಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. 'ಪಂಚಾಂಗದ ಐದು ಅಂಗದಲ್ಲಿ ವಾರವೂ ಒಂದಲ್ಲವೇನೋ' ಎಂದು ನಕ್ಕರು. ಈಗ ನಮ್ಮ ಮನೆಯಲ್ಲಿ ಪ್ರವಾಸದ ಮಾತು ಬಂದರೆ ಕ್ಯಾಲೆಂಡರ್ ಮಗಳ ಕೈಯಲ್ಲಿರುತ್ತದೆ. ಟಿಕೆಟ್ ತೆಗೆಯುವ ಮೊದಲು ನಾನು ಅವಳನ್ನು ಕೇಳುತ್ತೇನೆ.