ಐ7 ಸ್ಟಿಕ್ಕರ್ ಮತ್ತು ನಮ್ಮ ಸಂಘದ ಲ್ಯಾಪ್‌ಟಾಪ್



ಸಂಘಕ್ಕೆ ಲ್ಯಾಪ್‌ಟಾಪ್ ತಗೊಂಡ ಫೋಟೋ ಹಾಕಿದ ಮೇಲೆ ಆರೇಳು ಜನ ಇನ್‌ಬಾಕ್ಸಿಗೆ ಬಂದು ಒಂದೇ ಪ್ರಶ್ನೆ ಕೇಳಿದ್ರು. "ಅದೇ ರೇಟಿಗೆ ಐ7 ಸಿಗ್ತಿತ್ತಲ್ಲ, ಐ5 ಯಾಕೆ ತಗೊಂಡ್ರಿ?" ಒಬ್ಬರಂತೂ "ಜನರ ದುಡ್ಡು, ಲೆಕ್ಕ ಕೊಡಿ" ಅಂದ್ರು. ಸರಿಯಾದ ಮಾತು. ಲೆಕ್ಕ ಕೊಡ್ತಿದ್ದೇನೆ, ಸ್ವಲ್ಪ ಉದ್ದ ಆಗ್ತದೆ.

ದುಡ್ಡು ಬಂದಿದ್ದು ಕಳಸ, ಮೂಡಿಗೆರೆ ಕಡೆಯ ಲೈನ್ ಮನೆಗಳಿಂದ, ಕಾಲೋನಿಗಳಿಂದ. ಕಾಫಿ ಕೊಯ್ಲಿನ ಬಟವಾಡೆ ದಿನ ನೂರು, ಇನ್ನೂರು ಅಂತ ಕೊಟ್ಟದ್ದು. ಒಬ್ಬ ಅಜ್ಜಿ ಎಲೆಅಡಿಕೆ ಚೀಲದಿಂದ ಐವತ್ತರ ನೋಟು ತೆಗೆದು ಕೈಗಿಟ್ಟು, "ನನ್ನ ಸೈಟಿನ ಅರ್ಜಿ ಇದ್ರಲ್ಲೇ ಬರೀತೀರಲ್ಲ ಮಗ?" ಅಂತ ಕೇಳಿದ್ರು. ಒಟ್ಟು ಸೇರಿದ್ದು 21,400 ರೂಪಾಯಿ.

ಒಂದು ಅರ್ಜಿ ಬರೆಯೋಕೆ ಸ್ವಂತ ಮಿಷನ್ನೇ ಬೇಕಾ ಅಂತ ಕೇಳುವವರಿಗೆ ಒಂದು ಘಟನೆ ಹೇಳ್ತೇನೆ. ಕೆಲವು ವರ್ಷಗಳ ಹಿಂದೆ ಪಿಟಿಸಿಎಲ್ ಅರ್ಜಿಯೊಂದನ್ನ ಟೈಪ್ ಮಾಡಿಸೋಕೆ ಅಂಗಡಿಗೆ ಹೋಗಿದ್ವಿ. ನಮ್ಮವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಅನುಮತಿ ಇಲ್ಲದೆ ಕೈ ಬದಲಾಗಿದ್ರೆ ವಾಪಸ್ ಕೊಡಿಸೋ 1978ರ ಕಾಯ್ದೆ ಅದು. ಟೈಪ್ ಮಾಡಿಸಿ, ಬಸ್ಸಿಳಿದು ಕಾಲೋನಿ ಮುಟ್ಟೋದ್ರೊಳಗೆ ಎಸ್ಟೇಟಿನ ರೈಟ್ರು ಬಂದು ನಿಂತಿದ್ರು. ನಮ್ಮ ಅರ್ಜಿಯ ಮೂರನೇ ಪ್ಯಾರಾವನ್ನ ಅವರ ಬಾಯಲ್ಲೇ ಕೇಳಿದ್ವಿ. ಅರ್ಜಿದಾರನ ಹೆಂಡತಿಗೆ ಮಾರನೇ ದಿನದಿಂದ ತೋಟದಲ್ಲಿ ಕೆಲಸ ಇಲ್ಲ. ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಬೆಳೆದವರಿಗೆ 25 ಎಕರೆವರೆಗೆ ಗುತ್ತಿಗೆ ಕೊಡೋಕೆ ಕಾನೂನು ತಿದ್ದುಪಡಿಯಾದ ಜಿಲ್ಲೆ ಇದು. ಇಲ್ಲಿ ನಮ್ಮ ಕಾಗದ ನಮ್ಮ ಕೈಯಲ್ಲೇ ತಯಾರಾಗಬೇಕು.

ಅದಾದ ಮೇಲೆ ಒಂದು ಹಳೇ ಲ್ಯಾಪ್‌ಟಾಪ್ ತಗೊಂಡಿದ್ವಿ. ಆಗ ತಪ್ಪು ಮಾಡಿದ್ದು ನಾನೇ. ಅಂಗಡಿಯವನು ಐ7 ಅಂದ, ಅಂಗೈ ಹತ್ರ ಸ್ಟಿಕ್ಕರೂ ಇತ್ತು, ನಾನು ದುಡ್ಡು ಎಣಿಸಿದೆ. ಆಮೇಲೆ ನೋಡಿದ್ರೆ ಅದು ನಾಲ್ಕನೇ ಜನರೇಷನ್ನಿನದು, ಒಳಗೆ ಇರೋದು ಎರಡೇ ಕೋರ್. ಎಸಿ ಕೋರ್ಟಿನ ವಿಚಾರಣೆಯ ಹಿಂದಿನ ರಾತ್ರಿ ಅರವತ್ತು ಪುಟ ಸ್ಕ್ಯಾನ್ ಮಾಡುವಾಗ ನಿಂತಿತು ನೋಡಿ, ಮತ್ತೆ ಏಳಲಿಲ್ಲ. ಬೆಳಿಗ್ಗೆ ಹೋಗಿ ಅದೇ ಟೈಪಿಂಗ್ ಅಂಗಡಿಯ ಮುಂದೆ ನಿಂತೆ. ಆ ಬೆಳಿಗ್ಗೆಯ ನಾಚಿಕೆ ಇನ್ನೂ ಹೋಗಿಲ್ಲ.

ಹಾಗಾಗಿ ಈ ಸಲ ಒಬ್ಬನೇ ಹೋಗಲಿಲ್ಲ. ಸಂಘದ ಟೈಪಿಂಗ್ ಎಲ್ಲಾ ಮಾಡೋದು ಲೈನ್ ಮನೆಯ ಒಬ್ಬ ಹುಡುಗಿ, ಬಿಕಾಂ ಓದ್ತಿದ್ದಾಳೆ. ಅವಳನ್ನೂ ಅವಳ ಅಮ್ಮನನ್ನೂ ಕರ್ಕೊಂಡು ರಾತ್ರಿ ಬಸ್ಸಿಗೆ ಬೆಂಗಳೂರು, ಬೆಳಿಗ್ಗೆ ಎಸ್.ಪಿ. ರೋಡ್. ದೊಡ್ಡ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಲಾಟ್ ಲೆಕ್ಕದಲ್ಲಿ ಬಿಟ್ಟ ಮಿಷನ್ನುಗಳು ಅಲ್ಲಿ ಇಟ್ಟಿಗೆ ಹಾಗೆ ಪೇರಿಸಿರ್ತಾವೆ.

ಅಂಗಡಿಯವನು ಎರಡು ಥಿಂಕ್‌ಪ್ಯಾಡ್ ತಂದಿಟ್ಟ. ಟಿ470, ಟಿ480. ಅಕ್ಕಪಕ್ಕ ಇಟ್ರೆ ಅವಳಿಜವಳಿ. ಮೊದಲನೇದರಲ್ಲಿ ಐ7-7600ಯು, ಎರಡನೇದರಲ್ಲಿ ಐ5-8350ಯು. ರೇಟು ಹೆಚ್ಚುಕಮ್ಮಿ ಒಂದೇ. "ಐ7 ತಗೊಳ್ಳಿ ಸರ್, 2.8 ಗಿಗಾಹರ್ಟ್ಸ್. ಐ5 ಬರೀ 1.7" ಅಂದ. ನಾನು ಮತ್ತೆ ಬಲೆಗೆ ಬೀಳೋನೇ. ಹುಡುಗಿ ಮಾತಾಡದೆ ಎರಡರಲ್ಲೂ ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದ್ಳು. ಐ7ರಲ್ಲಿ ಕೋರ್ ಎರಡು, ಥ್ರೆಡ್ ನಾಲ್ಕು. ಐ5ರಲ್ಲಿ ಕೋರ್ ನಾಲ್ಕು, ಥ್ರೆಡ್ ಎಂಟು.

"ಎಂತದು ಇದು, ಉಲ್ಟಾ ಇದೆಯಲ್ಲ?" ಅಂದೆ.

"ಅಣ್ಣ, ಡ್ಯಾಶ್ ಆದ್ಮೇಲೆ ಇರೋ ಮೊದಲ ಅಂಕಿ ನೋಡಿ. ಇದು ಏಳನೇ ಜನರೇಷನ್, ಅದು ಎಂಟನೇದು. ಇಬ್ರು ಕೊಯ್ಯೋದಕ್ಕೂ ನಾಲ್ಕು ಜನ ಕೊಯ್ಯೋದಕ್ಕೂ ವ್ಯತ್ಯಾಸ ಇಲ್ವಾ?"

ಅವಳಮ್ಮ ನಕ್ಕುಬಿಟ್ಟರು. ಅವರಿಗೆ ಅರ್ಥ ಆಗಿತ್ತು, ನನಗೆ ಬಸ್ಸಲ್ಲಿ ವಾಪಸ್ ಬರುವಾಗ ಪೂರ್ತಿ ಅರ್ಥ ಆಯ್ತು. ಹೆಸರಿನ ಕೊನೆಗೆ 'ಯು' ಅಂತ ಇರೋ, ಕಮ್ಮಿ ಕರೆಂಟ್ ತಿನ್ನೋ ಇಂಟೆಲ್ ಪ್ರೊಸೆಸರುಗಳಲ್ಲಿ ಏಳನೇ ಜನರೇಷನ್ವರೆಗೆ ಐ5 ಆದ್ರೂ ಐ7 ಆದ್ರೂ ಎರಡೇ ಕೋರ್. 2017ರಲ್ಲಿ ಎಂಟನೇದು ಬಂದಾಗ ಅದೇ 15 ವ್ಯಾಟಿನಲ್ಲಿ ನಾಲ್ಕು ಕೋರ್ ಕೊಟ್ರು. ಇನ್ನು ಅವನು ಹೇಳಿದ 2.8, 1.7 ಬರೀ ತಳದ ವೇಗ. ಕೆಲಸ ಬಿದ್ದಾಗ ಆ ಐ5 3.6ರವರೆಗೂ, ಐ7 3.9ರವರೆಗೂ ಏರ್ತದೆ. ಒಂದೇ ಫೈಲ್ ಟೈಪ್ ಮಾಡೋದಾದ್ರೆ ಎರಡೂ ಒಂದೇ. ಸ್ಕ್ಯಾನರ್ ಓಡ್ತಿರುವಾಗ ಪಹಣಿ ವೆಬ್‌ಸೈಟ್, ನುಡಿ, ಝೂಮ್ ಮೀಟಿಂಗ್ ಎಲ್ಲಾ ಒಟ್ಟಿಗೆ ತೆರೆದ್ರೆ ಗೊತ್ತಾಗ್ತದೆ ಯಾವುದು ಏದುಸಿರು ಬಿಡ್ತದೆ ಅಂತ.

ಐ3, ಐ5, ಐ7. ಇಲ್ಲೂ ಶ್ರೇಣೀಕೃತ ವ್ಯವಸ್ಥೆ ನೋಡಿ! ಸ್ಟಿಕ್ಕರ್ ನೋಡಿ ಮರ್ಯಾದೆ ಕೊಡೋ ಚಾಳಿ ನನಗೂ ಅಂಟಿದೆ ಅಂತ ಅವತ್ತೇ ಗೊತ್ತಾಗಿದ್ದು.

ಇನ್ನೊಂದು ಕಾರಣ ವಿಂಡೋಸ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ವಿಂಡೋಸ್ 11 ಅಧಿಕೃತವಾಗಿ ಕೂರೋದು ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ ಎಂಟನೇ ಜನರೇಷನ್ನಿಂದ ಮೇಲೆ. ಏಳನೇದರ ಮಿಷನ್ನುಗಳು ಅಗ್ಗವಾಗಿ ಬೀದಿಗೆ ಬಂದಿರೋದರ ಗುಟ್ಟೂ ಇದೇ. "ಲಿನಕ್ಸ್ ಹಾಕಿ" ಅನ್ನೋ ಗೆಳೆಯರು ಇದ್ದಾರೆ, ಅವರ ಮಾತೂ ನಿಜ. ಆದ್ರೆ ನಮ್ಮ ಹಳೇ ಅರ್ಜಿಗಳೆಲ್ಲ ಯೂನಿಕೋಡ್ ಬರೋಕೆ ಮುಂಚಿನ ನುಡಿ ಫಾಂಟಿನಲ್ಲಿವೆ, ಹುಡುಗಿ ಕಲಿತಿರೋದೂ ವಿಂಡೋಸಲ್ಲಿ. ಕಂಪ್ಯೂಟರಲ್ಲಿ ಕನ್ನಡ ನೆಟ್ಟಗೆ ಬರಬೇಕು ಅಂತ ತೇಜಸ್ವಿಯವರು ಹಠ ಹಿಡಿದಿದ್ದ ಊರಲ್ಲೇ ಇವತ್ತಿಗೂ ನಮಗೆ ಫಾಂಟಿನ ತಲೆನೋವು!

ರೈಜನ್ ಇರೋ ಟಿ495 ಕೂಡ ನೋಡಿದ್ವಿ. ರೈಜನ್ 5 ಪ್ರೊ 3500ಯು, ಅದಕ್ಕೂ ನಾಲ್ಕು ಕೋರ್, ಗ್ರಾಫಿಕ್ಸ್ ಇಂಟೆಲ್‌ಗಿಂತ ಚೆನ್ನಾಗಿದೆ. ವಿಡಿಯೋ ಎಡಿಟ್ ಮಾಡುವವರು ಅದನ್ನೇ ತಗೊಳ್ಳಿ. ನಾವು ಬಿಟ್ಟದ್ದು ಬ್ಯಾಟರಿಗೋಸ್ಕರ. ಟಿ480ಕ್ಕೆ ಒಳಗೊಂದು, ಹಿಂದೆ ಬಿಚ್ಚಿ ಹಾಕೋದೊಂದು, ಎರಡು ಬ್ಯಾಟರಿ. ಆಷಾಢದಲ್ಲಿ ಕಳಸದ ಕಡೆ ಮರ ಬಿದ್ದು ಕರೆಂಟ್ ಹೋದ್ರೆ ಯಾವಾಗ ಬರ್ತದೆ ಅಂತ ಲೈನ್‌ಮನ್ನಿಗೂ ಗೊತ್ತಿರಲ್ಲ.

ತಗೊಳ್ಳೋರಿಗೆ ಒಂದೇ ಮಾತು: ಈ ಮಿಷನ್ನುಗಳಲ್ಲಿ ಪ್ರೊಸೆಸರ್ ಬೋರ್ಡಿಗೇ ಬೆಸುಗೆಯಾಗಿರ್ತದೆ, ಆಮೇಲೆ ಬದಲಾಯಿಸೋಕೆ ಆಗಲ್ಲ. ಎಸ್‌ಎಸ್‌ಡಿ, ಬ್ಯಾಟರಿ ಮುಂದೆ ದುಡ್ಡಾದಾಗ ಹಾಕಿಸ್ಬಹುದು. ಟಿ480ದಲ್ಲಿ ರ‍್ಯಾಮ್ ಕೂಡ. ಆಮೇಲೆ ಆನ್ ಮಾಡುವಾಗ ಎಫ್1 ಒತ್ತಿ ಬಯೋಸ್‌ಗೆ ಹೋಗಿ. ಹಳೇ ಕಂಪನಿಯ ಪಾಸ್‌ವರ್ಡ್ ಕೇಳಿದ್ರೆ ಮಿಷನ್ ಅಲ್ಲೇ ಬಿಟ್ಟು ಬನ್ನಿ.

ಲೆಕ್ಕ: ಲ್ಯಾಪ್‌ಟಾಪ್ 18,500. ಹಿಂದಿನ ಹೊಸ ಬ್ಯಾಟರಿ 1,900. ಬಸ್ ಚಾರ್ಜು, ಊಟ ನನ್ನದು. ಉಳಿದ 1,000 ಪ್ರಿಂಟರಿನ ಇಂಕಿಗೆ ಇಟ್ಟಿದ್ದೇವೆ. ಬಿಲ್ಲಿನ ಫೋಟೋ ಕೆಳಗಿದೆ.

ಅಜ್ಜಿಯ ಅರ್ಜಿ ನಿನ್ನೆ ರಾತ್ರಿ ಟೈಪಾಯ್ತು. ಹೆಬ್ಬೆಟ್ಟು ಒತ್ತೋ ಮೊದಲು ಓದಿಸಿ ಕೇಳಿದ್ರು, ಒಂದು ಕಡೆ ಗಂಡನ ಹೆಸರು ತಪ್ಪಾಗಿತ್ತು. ತಿದ್ದಿದ್ವಿ. ಸೋಮವಾರ ತಾಲ್ಲೂಕು ಆಫೀಸಿಗೆ ಹೋಗ್ತಿದ್ದೇವೆ, ಕಳಸದ ಕಡೆಯವರು ಹತ್ತು ಗಂಟೆಗೆ ಬನ್ನಿ.