ಕೆರೆಗಿಂತ ದೊಡ್ಡ ಕಲ್ಲು

ಯಲಹಂಕದ ಬಳಿಯ ನಮ್ಮ ಅಟ್ಟೂರು ಈಗ ಬೆಂಗಳೂರು ನಗರದಲ್ಲಿ ಸೇರಿಹೋಗಿದೆ. ಇಲ್ಲಿನ ಕೆರೆಯನ್ನು ಕುರಿತು ಹಿರಿಯರ ನೆನಪುಗಳನ್ನು ಸಂಗ್ರಹಿಸಲು ಸಂಶೋಧನ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ನಿವೃತ್ತ ಉಪಾಧ್ಯಾಯನಾದ ನಾನು, ಎಂಬತ್ತು ದಾಟಿದ ನೆರೆಮನೆಯ ಅಜ್ಜಿಯ ಬಳಿಗೆ ಅವಳನ್ನು ಕರೆದೊಯ್ದೆ.

ಕೇಳಿದ ಪ್ರಶ್ನೆಗಳಿಗೆಲ್ಲ ಅಜ್ಜಿ, “ನೀರಿತ್ತು”, “ಚೆನ್ನಾಗಿತ್ತು” ಎಂದಷ್ಟೇ ಉತ್ತರಿಸಿದರು. ಆಗ ಹುಡುಗಿ ತನ್ನ ಪ್ರಶ್ನೆಗಳ ಹಾಳೆಯನ್ನು ಮಡಿಸಿಟ್ಟು, “ಅಜ್ಜಿ, ನೀವು ಕಂಡ ಕೆರೆಯನ್ನು ಅಂಗಳದಲ್ಲಿ ಬರೆದು ತೋರಿಸುತ್ತೀರಾ?” ಎಂದಳು.

“ನಂಗೆಲ್ಲಿ ಬರೆಯೋಕೆ ಬರುತ್ತೆ ಕಣಮ್ಮ” ಎಂದು ನಕ್ಕರೂ ಅಜ್ಜಿ ರಂಗೋಲಿಯ ಬಟ್ಟಲನ್ನು ತಂದರು. ಅವರು ಬರೆದ ಕೆರೆ ತಟ್ಟೆಯಷ್ಟಿತ್ತು. ದಡದ ಮೇಲಿನ ಒಂದು ಕಲ್ಲು ಮೊರದಷ್ಟಿತ್ತು.

“ಏನಮ್ಮ, ಕೆರೆಗಿಂತ ಕಲ್ಲೇ ದೊಡ್ಡದಾಯಿತಲ್ಲ!” ಎಂದು ನಾನು ನಕ್ಕುಬಿಟ್ಟೆ. ಅಜ್ಜಿಯ ಮುಖ ಬಾಡಿತು. ಅಂಗೈಯಿಂದ ಚಿತ್ರವನ್ನು ಅಳಿಸಹೊರಟರು.

“ಅಳಿಸಬೇಡಿ ಅಜ್ಜಿ. ಈ ಕಲ್ಲಿನ ವಿಷಯ ಹೇಳಿ” ಎಂದಳು ಹುಡುಗಿ.

“ಬಟ್ಟೆ ಒಗೀತಿದ್ದ ಕಲ್ಲು ಕಣಮ್ಮ. ಮದುವೆಯಾಗಿ ಬಂದ ಹೊಸದರಲ್ಲಿ ಮನೇಲಿ ಬಾಯಿ ಬಿಡೋ ಹಂಗಿರಲಿಲ್ಲ. ನಾನು ನಕ್ಕಿದ್ದು, ಅತ್ತಿದ್ದು ಎಲ್ಲಾ ಆ ಕಲ್ಲಿನ ಹತ್ರಾನೇ.”

ಬಳಿಕ ಅವರ ಮಾತು ಹೊತ್ತು ಮುಳುಗುವವರೆಗೂ ಹರಿಯಿತು. ಹೊರಡುವ ಮೊದಲು ಹುಡುಗಿ ಅಜ್ಜಿಯ ಅಪ್ಪಣೆ ಪಡೆದೇ ಆ ರಂಗೋಲಿಯ ಛಾಯಾಚಿತ್ರವನ್ನು ತೆಗೆದುಕೊಂಡಳು.

ಜನರಿಂದಲೇ ಚಿತ್ರ ಬರೆಯಿಸಿ ಅವರ ಅನುಭವವನ್ನು ಅರಿಯುವ ಈ ಕ್ರಮ ನಮ್ಮ ನಾಡಿಗೆ ಹೊಸದಲ್ಲ. 1989ರ ಸುಮಾರಿನಿಂದ ಮೈರಾಡ ಸಂಸ್ಥೆಯ ಕಾರ್ಯಕರ್ತರು ಕರ್ನಾಟಕದ ಹಳ್ಳಿಗಳಲ್ಲಿ ಹಳ್ಳಿಗರ ಕೈಯಿಂದಲೇ ನೆಲದ ಮೇಲೆ ಊರಿನ ನಕ್ಷೆಗಳನ್ನು ಬರೆಯಿಸಿದರು. ಅಕ್ಷರ ಬಾರದವರೂ ತಮ್ಮ ಊರನ್ನು ಚೆನ್ನಾಗಿ ಬಲ್ಲರೆಂಬುದು ಅಂಥ ನಕ್ಷೆಗಳಿಂದ ತಿಳಿಯುತ್ತದೆ. ಆದರೆ ಚಿತ್ರವೊಂದೇ ಉತ್ತರವಲ್ಲ. ಅದು ಮಾತಿನ ಬಾಗಿಲು. ಅದರ ಅರ್ಥವನ್ನು ಹೇಳಬೇಕಾದವರು ಬರೆದವರೇ ಹೊರತು ನೋಡಿದವರಲ್ಲ.

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಬಹಳ ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ‘ನನ್ನ ಮನೆ’ ಎಂಬ ಚಿತ್ರದಲ್ಲಿ ಬಾಗಿಲನ್ನೇ ಬರೆದಿರಲಿಲ್ಲ. ನಾನು ಕೆಂಪು ಶಾಯಿಯಲ್ಲಿ ‘ತಪ್ಪು’ ಎಂದು ಗುರುತು ಹಾಕಿ ಪುಸ್ತಕವನ್ನು ಹಿಂದಿರುಗಿಸಿದ್ದೆ. ಆ ಮನೆಗೆ ಬಾಗಿಲೇಕೆ ಇಲ್ಲವೆಂದು ಅವನನ್ನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅವನು ಎಲ್ಲಿರುವನೋ ತಿಳಿಯದು.